ಮಗನ ದೋಣಿಗೆ ಯಾವ ತಳ?

ಬೇಸಿಗೆ ರಜೆಯಲ್ಲಿ ಮಗ ಬಂದು, "ಅಮ್ಮೀ, ನಾನೇ ಒಂದು ಸಣ್ಣ ದೋಣಿ ಮಾಡ್ತೀನಿ, ಹಲಗೆಗೆ ದುಡ್ಡು ಕೊಡಿ" ಎಂದರೆ ನೀವೇನು ಹೇಳುತ್ತೀರಿ? ತುರುವನೂರಿನಂತಹ ಒಣಭೂಮಿಯ ಊರಿನಲ್ಲಿ ದೋಣಿಯೇ ಎಂದು ನಕ್ಕುಬಿಡಬಹುದು. ಆದರೆ ನಮ್ಮದೇ ಜಿಲ್ಲೆಯ ಹಿರಿಯೂರಿನ ಬಳಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವಿದೆ. 1933ರ ಬಳಿಕ ಕೋಡಿ ಬೀಳದಿದ್ದ ಆ ಜಲಾಶಯ 2022ರಲ್ಲಿ ತುಂಬಿ ಹರಿಯಿತು, 2025ರಲ್ಲಿ ಮತ್ತೆ ಹರಿಯಿತು. ಅಷ್ಟು ನೀರು ಕಂಡ ಹುಡುಗರಿಗೆ ದೋಣಿಯ ಆಸೆ ಹುಟ್ಟುವುದು ಸಹಜ. ಗದರಿಸುವ ಮುನ್ನ, ತಳಕ್ಕೆ ಏನು ಹಾಕುತ್ತೀಯೆಂದು ಅವನನ್ನು ಕೇಳಿ. ನೀರಿನ ಮೇಲೆ ಅವನ ಜೀವ ಇರುವುದು ಆ ತಳದ ಮೇಲೆ.

ನಮ್ಮ ನಾಡಿನ ಹಗುರ ದೋಣಿಯೆಂದರೆ ಹರಿಗೋಲು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ; 15-20 ಮಂದಿ ಕೂರುತ್ತಿದ್ದರಂತೆ. ಇಂದು ಹಂಪಿ, ಆನೆಗೊಂದಿ ಕಡೆಯ ಹರಿಗೋಲನ್ನು ಬಿದಿರಿನ ದಬ್ಬೆಯಿಂದ ಹೆಣೆಯುತ್ತಾರೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅದರ ಮೇಲೆ ಡಾಂಬರು. ಮೀನು ಹಿಡಿಯುವ ಚಿಕ್ಕ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಮಗುಚಿಕೊಂಡು ನಡೆದುಬಿಡುತ್ತಾನೆ. ಬಂಡೆಗೆ ತಾಗಿದರೆ ಬಿದಿರು ಬಾಗಿಕೊಡುತ್ತದೆ. ತೂತು ಬಿದ್ದರೆ ಒಂದು ತುಂಡು ಹಾಳೆ, ಒಂದಿಷ್ಟು ಡಾಂಬರು ಸಾಕು. ಖರ್ಚಿನ ದೃಷ್ಟಿಯಿಂದ ನನಗೆ ಇದೇ ಮೆಚ್ಚುಗೆ. ಆದರೆ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಬಿರಿಯುತ್ತದೆ. ಪ್ರತಿ ಸಲ ನೀರಿಗಿಳಿಸುವ ಮುನ್ನ ತಳವನ್ನೆಲ್ಲ ಕೈಯಿಂದ ಸವರಿ ನೋಡಬೇಕು.

ಇಲ್ಲ, ಉದ್ದನೆಯ ಮರದ ದೋಣಿಯೇ ಬೇಕೆಂದು ಹಟ ಹಿಡಿದರೆ? ದಪ್ಪ ಹಲಗೆ ಬೇಡ. ಅದು ಭಾರ. ಸಾಲದ್ದಕ್ಕೆ ನಮ್ಮ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನೆಲದ ಮೇಲಿದ್ದರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ಪ್ಲೈವುಡ್‌ನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಈ ತೊಂದರೆ ಕಡಿಮೆ. "ಅಡುಗೆಮನೆ ಕಪಾಟಿಗೆ ತಂದು ಉಳಿದ ಪ್ಲೈ ಇದೆಯಲ್ಲ" ಎನ್ನುತ್ತಾನೆ, ನೋಡುತ್ತಿರಿ. ಕೊಡಬೇಡಿ. ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಅದು ಮರೈನ್ ಪ್ಲೈ. ಅದರ ಅಂಟು ಬಿಡುತ್ತದೆಯೇ ಎಂದು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಕಪಾಟುಗಳಿಗೆ ಬಳಸುವ ಐಎಸ್ 303ರ ಬಿಡಬ್ಲ್ಯುಆರ್ ಹಾಳೆಗೆ ಆ ಪರೀಕ್ಷೆ 8 ಗಂಟೆ ಮಾತ್ರ.

8 ಅಡಿ ಉದ್ದ, 4 ಅಡಿ ಅಗಲದ ಹಾಳೆ 4 ಮಿ.ಮೀ. ದಪ್ಪದ್ದಾದರೆ ಸುಮಾರು 8 ಕಿಲೋ, 6 ಮಿ.ಮೀ. ಆದರೆ ಸುಮಾರು 12 ಕಿಲೋ ತೂಗುತ್ತದೆ. ಹಗುರವೆಂದು ತೆಳ್ಳಗಿನದನ್ನೇ ಆರಿಸಿದರೆ ಸಂದುಗಳಿಗೂ ತಳಕ್ಕೂ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಬಳಿಯಬೇಕು. ಹಾಳೆ ಕೊಯ್ದ ಅಂಚುಗಳನ್ನು ಮರೆಯುವಂತಿಲ್ಲ. ನೀರು ಮೊದಲು ನುಗ್ಗುವುದೇ ಅಲ್ಲಿ. ಎಪಾಕ್ಸಿ ಕೈಗೆ ಮೆತ್ತಿದರೆ ಚರ್ಮ ಕೆರಳುತ್ತದೆ. ಆದ್ದರಿಂದ ಕೈಗವಸು ಹಾಕಿಕೊಳ್ಳಲಿ, ಅಂಗಳದಲ್ಲಿ ಗಾಳಿಯಾಡುವ ಕಡೆ ಕೆಲಸ ಮಾಡಲಿ, ಚಿಕ್ಕ ಮಕ್ಕಳು ಹತ್ತಿರ ಸುಳಿಯದಿರಲಿ. ದೋಣಿಯ ಎರಡೂ ತುದಿಗಳಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನ್‌ಗಳನ್ನು ಕಟ್ಟಿಸಿ. ನೀರು ತುಂಬಿದರೂ ದೋಣಿ ತೇಲುತ್ತಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ಸಿದ್ಧವಾದ ಮೇಲೆ ಮೊದಲ ಪರೀಕ್ಷೆ ಸೊಂಟದ ಮಟ್ಟದ ನಿಂತ ನೀರಿನಲ್ಲಿ, ಈಜು ಬಲ್ಲ ದೊಡ್ಡವರ ಎದುರಿನಲ್ಲೇ ನಡೆಯಲಿ. ಅನುಮತಿ ಕೇಳದೆ ಜಲಾಶಯಕ್ಕೆ ಒಯ್ಯುವುದಂತೂ ಬೇಡ. ಇನ್ನು ಅವನು ಖರ್ಚಿನ ಚೀಟಿ ತಂದಾಗ ಪ್ಲೈ, ಬಟ್ಟೆ, ಅಂಟಿನ ಕೆಳಗೆ ಲೈಫ್ ಜಾಕೆಟ್ ಬರೆದಿದ್ದಾನೆಯೇ ನೋಡಿ. ಇಲ್ಲದಿದ್ದರೆ ಚೀಟಿಯನ್ನು ಅವನ ಕೈಗೇ ಹಿಂದಿರುಗಿಸಿ.