ಬಣ್ಣದ ಡಬ್ಬಿ ನಿಮ್ಮದೂ ಒಂದಿರಲಿ

"ಮದುವೆಗೆ ಮುಂಚೆ ಚೆನ್ನಾಗಿ ಚಿತ್ರ ಬರೀತಿದ್ದೆ. ಈಗೆಲ್ಲಿ ಬಿಡ್ರಿ, ನಮ್ಮೂರಲ್ಲಿ ಒಂದು ಒಳ್ಳೆ ಬ್ರಷ್ಷೂ ಸಿಗಲ್ಲ!"

ಚನ್ನಗಿರಿಯಿರಲಿ, ಹೊನ್ನಾಳಿ, ನ್ಯಾಮತಿ, ಜಗಳೂರೇ ಇರಲಿ, ಗೃಹಿಣಿಯರ ಬಾಯಲ್ಲಿ ಬರುವ ಮಾತೇ ಇದು. ನಿಮ್ಮದೂ ಇದೇ ಮಾತೇ? ಹಾಗಾದರೆ ಒಂದು ಪ್ರಶ್ನೆ. ದಿನಾ ಬೆಳಗ್ಗೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದು ಎಳೆಯೂ ತಪ್ಪದಂತೆ ಬಿಡಿಸುವ ಕೈಗೆ ಕಾಗದದ ಮೇಲೆ ಗೆರೆ ಎಳೆಯಲು ಬಾರದೇ? ಮಗುವಿನ ಶಾಲೆಯ ಚಾರ್ಟಿಗೆ ರಾತ್ರಿ ಕೂತು ನವಿಲು ಬರೆದುಕೊಡುವವರು ಯಾರು? ನೀವೇ ತಾನೇ! ಆದರೆ ರಂಗೋಲಿ ಸಂಜೆಯೊಳಗೆ ಅಳಿಸಿಹೋಗುತ್ತದೆ, ನವಿಲಿನ ಕೆಳಗೆ ಮಗುವಿನ ಹೆಸರಿರುತ್ತದೆ. ನಿಮ್ಮ ಹೆಸರಿನ ಒಂದು ಚಿತ್ರವೂ ಮನೆಯಲ್ಲಿ ಉಳಿಯುವುದಿಲ್ಲ.

ಅದಕ್ಕೆ ಬೇಕಾದ ಸಾಮಾನೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಿಡಿಯುತ್ತದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬುದು ತಿಳಿದಿದ್ದರೆ ಸಾಕು.

ಅಂಗಡಿ ಇಲ್ಲದ ಕಾಲದಲ್ಲಿ

1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಅದೇ ಶಿವಮೊಗ್ಗದ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಅವರ ಸಾಮಾನು ನೋಡಿ: ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ. ಕುಂಚವಾದರೋ ಪುಂಡಿ ನಾರಿನದು. ಅತ್ತ ಮೈಸೂರು ಶೈಲಿಯ ಚಿತ್ರಕಾರರು ಚಿನ್ನದ ರೇಕು ಅಂಟಿಸಿ ದೇವರ ಪಟ ಬರೆಯುತ್ತಿದ್ದರೂ, ಮೊದಲ ಗೆರೆ ಎಳೆಯುತ್ತಿದ್ದುದು ಹುಣಿಸೆ ಕಡ್ಡಿಯ ಇದ್ದಿಲಿನಿಂದ!

ಇವಿಷ್ಟನ್ನು ಕೊಂಡುಕೊಳ್ಳಿ

ದಾವಣಗೆರೆಗೋ ಶಿವಮೊಗ್ಗಕ್ಕೋ ಹೋದಾಗ ಈ ಚೀಟಿ ಜೊತೆಗಿರಲಿ.

ಪೆನ್ಸಿಲ್: ಎಚ್‌ಬಿ, 2ಬಿ, 6ಬಿ ಒಂದೊಂದು. 'ಬಿ'ಯ ಮುಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು. ರೂಪರೇಖೆಗೆ ಎಚ್‌ಬಿ, ನೆರಳಿಗೆ 6ಬಿ.

ಕಾಗದ: ಜಿಪುಣತನ ಬೇಡವೇ ಬೇಡ. ನೋಟುಬುಕ್ಕಿನ ತೆಳು ಹಾಳೆ ನೀರು ಬಿದ್ದೊಡನೆ ಸುಕ್ಕಾಗುತ್ತದೆ. ಆಗ ನಾವು ನಮ್ಮ ಕೈಯನ್ನೇ ದೂರುತ್ತೇವೆ! ಅಂಗಡಿಯಲ್ಲಿ 'ಜಿ.ಎಸ್.ಎಂ. ಎಷ್ಟು?' ಎಂದು ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ನೀರು ಬಣ್ಣಕ್ಕೆ 300 ಇದ್ದರೆ ಉತ್ತಮ, ಅಭ್ಯಾಸಕ್ಕೆ 200 ಆದೀತು. ದೊಡ್ಡ ಹಾಳೆ ತಂದು ನಾಲ್ಕಾಗಿ ಕತ್ತರಿಸಿಕೊಂಡರೆ ಉಳಿತಾಯ.

ಕುಂಚ: ದುಂಡು ತಲೆಯವು, 2, 6 ಮತ್ತು 10ನೇ ನಂಬರ್. ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿದರೆ ತುದಿ ತಾನಾಗಿ ಚೂಪಾಗಬೇಕು. ಕೂದಲು ಕವಲೊಡೆದರೆ ವಾಪಸ್ಸು ಕೊಡಿ. ಕೆಲಸ ಮುಗಿದೊಡನೆ ತೊಳೆದು ಕೂದಲು ಮೇಲಾಗಿ ನಿಲ್ಲಿಸಿ. ನೀರಿನ ಲೋಟದಲ್ಲೇ ಬಿಟ್ಟರೆ ತುದಿ ಬಾಗಿ ಕೆಡುತ್ತದೆ.

ಬಣ್ಣ: ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ ನೋಡಲಷ್ಟೇ ಚೆಂದ. ನಿಂಬೆ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಒಂದು ಬಿಳಿ, ಈ ನಾಲ್ಕು ಟ್ಯೂಬು ಸಾಕು. ಹಸಿರು, ಕಿತ್ತಳೆ, ನೇರಳೆ ಎಲ್ಲ ಬೆರಕೆಯಿಂದ ಬರುತ್ತವೆ. ಮಣ್ಣಿನ ಬಣ್ಣಕ್ಕಂತೂ ದುಡ್ಡೇ ಬೇಡ. ಹೇಗೆ ಅಂತೀರಾ? ಮುಂದೆ ಓದಿ.

ಮನೆಯಲ್ಲೇ ಮಾಡುವ ಬಣ್ಣ

ಕೆಮ್ಮಣ್ಣಿನ ಬಣ್ಣ: ಒಂದು ಹಿಡಿ ಕೆಮ್ಮಣ್ಣನ್ನು ಚೊಂಬು ನೀರಿನಲ್ಲಿ ಕದಡಿ ಅರ್ಧ ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಗ್ಗೆ ತಿಳಿನೀರು ಚೆಲ್ಲಿದರೆ ಬೆಣ್ಣೆಯಂಥ ಮಣ್ಣು ಸಿಗುತ್ತದೆ.

ಇನ್ನು ಅಂಟು. ಬಾಣಂತಿಯ ಅಂಟಿನುಂಡೆಗೆ ತರುತ್ತೇವಲ್ಲ, ಆ ಗೋಂದು ಒಂದು ಪಾಲು, ಬಿಸಿನೀರು ಎರಡು ಪಾಲು. ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ. ನೀರಿನಲ್ಲಿ ಪೂರ್ತಿ ಕರಗುವ ಗೋಂದೇ ಆಗಬೇಕು, ಲೋಳೆಯಂತೆ ಉಬ್ಬುವ ಬಾದಾಮಿ ಗೋಂದು ಬೇಡ. ಮಣ್ಣಿಗೆ ಈ ಅಂಟನ್ನು ಸ್ವಲ್ಪಸ್ವಲ್ಪವೇ ಹಾಕಿ ಚೆನ್ನಾಗಿ ಅರೆಯಿರಿ. ಕಾಗದಕ್ಕೆ ಬಳಿದು ಒಣಗಿಸಿ ನೋಡಿ. ಬೆರಳಿಗೆ ಬಣ್ಣ ಹತ್ತಿದರೆ ಅಂಟು ಸಾಲದು. ಬಿರುಕು ಬಿಟ್ಟರೆ ಅಂಟು ಜಾಸ್ತಿ, ಆಗ ಎರಡು ಹನಿ ಜೇನು ಸೇರಿಸಿ. ಬೂಷ್ಟು ಬಾರದಂತೆ ಒಂದು ಹನಿ ಲವಂಗದೆಣ್ಣೆ. ಅಂಗಡಿಯ ನೀರು ಬಣ್ಣದಲ್ಲೂ ಅಂಟಿನ ಕೆಲಸ ಮಾಡುವುದು ಇಂಥ ಗೋಂದೇ!

ಹುಣಿಸೆ ಇದ್ದಿಲು: ಪೆನ್ಸಿಲ್ ಗಾತ್ರದ ಒಣ ಹುಣಿಸೆ ಕಡ್ಡಿಗಳನ್ನು ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿ, ಸೌದೆ ಒಲೆಯ ಕೆಂಡದಲ್ಲಿಡಿ. ತೂತಿನಿಂದ ಹೊಗೆ ನಿಂತ ಮೇಲೆ ತೆಗೆಯಿರಿ. ಪೂರ್ತಿ ಆರುವ ಮುಂಚೆ ಮುಚ್ಚಳ ತೆರೆದರೆ ಗಾಳಿ ತಾಗಿ ಇದ್ದಿಲು ಬೂದಿಯಾದೀತು.

ಅಡಿಕೆ ಚೊಗರು: ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ಬೇಯಿಸಿದ ಚೊಗರನ್ನು ಸೋಸಿ ನೀರು ಬೆರೆಸಿದರೆ ಒಳ್ಳೆಯ ಕೆಂಗಂದು ಬಣ್ಣ. ಹೆಗ್ಗೋಡಿನ ಚರಕ ಸಂಸ್ಥೆಯವರು ಅಡಿಕೆಯಿಂದ ಬಟ್ಟೆಗೇ ಬಣ್ಣ ಕಟ್ಟಿದ್ದಾರೆ.

ಒಂದು ಎಚ್ಚರಿಕೆ. ಅರಿಶಿನ, ಬೀಟ್‌ರೂಟ್, ದಾಸವಾಳದ ಬಣ್ಣಗಳಿಗೆ ಮರುಳಾಗಬೇಡಿ. ಬಿಸಿಲಿಗೆ ಬೇಗ ಮಾಸುತ್ತವೆ. ಮಣ್ಣು, ಇದ್ದಿಲು ಮಾಸುವುದಿಲ್ಲ. ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವೂ ಬೇಡ.

ಜಾಗ ಮತ್ತು ಹೊತ್ತು

ಬೇರೆ ಕೋಣೆ ಬೇಕಿಲ್ಲ. ಉತ್ತರದ ಕಿಟಕಿಯ ಪಕ್ಕ ಒಂದು ಮಣೆ ಸಾಕು. ಅಲ್ಲಿ ಬೆಳಕು ಹೆಚ್ಚುಕಡಿಮೆಯಾಗದೆ ಸಮನಾಗಿರುತ್ತದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ನಿಮ್ಮದು ಎಂದು ಮನೆಯವರಿಗೆ ಹೇಳಿಬಿಡಿ. ಡಬ್ಬಿಯ ಮೇಲೆ ನಿಮ್ಮ ಹೆಸರು ಬರೆಯಿರಿ. ಇಲ್ಲದಿದ್ದರೆ ವಾರದಲ್ಲಿ ಮಕ್ಕಳ ಪಾಲಾದೀತು! ಅವರಿಗೆ ಬೇಕಾದರೆ ಬೇರೆ ಡಬ್ಬಿ ಮಾಡಿಕೊಡಿ.

ಮೊದಲ ದಿನವೇ ದೇವರ ಪಟಕ್ಕೆ ಕೈಹಾಕಬೇಡಿ. ನೀರಿನ ಚೊಂಬು, ಎರಡು ಬದನೆಕಾಯಿ, ಒಂದು ವೀಳ್ಯದೆಲೆ, ಎದುರಿಗಿದ್ದುದನ್ನು ನೋಡಿ ಬರೆಯಿರಿ. ಸೊಟ್ಟಗಾದರೆ ಆಗಲಿ, ಹಾಳೆ ಹರಿಯಬೇಡಿ. ಕೆಳಗೆ ಮೂಲೆಯಲ್ಲಿ ತಾರೀಖು ಹಾಕಿ, ನಿಮ್ಮ ಪೂರ್ತಿ ಹೆಸರನ್ನು ಬರೆಯಿರಿ.