ಕಾವೇರಿ ಸುದ್ದಿ: ಎರಡೂ ಭಾಷೆಯಲ್ಲಿ ಕೇಳಿ ನಂಬೋಣ



ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮನೆಗಳಲ್ಲಿ ಕನ್ನಡ, ತಮಿಳು ಎರಡೂ ಟಿ.ವಿ. ವಾಹಿನಿಗಳನ್ನು ನೋಡುತ್ತೇವೆ. ಕಾವೇರಿ ಮಾತು ಬಂದಾಗ ಯಾರನ್ನು ನಂಬುವುದು ಎಂಬ ಪ್ರಶ್ನೆ ಏಳುತ್ತದೆ.

2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪನ್ನೇ ನೋಡಿ. ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಬಿಡಬೇಕಾದ ನೀರು ವರ್ಷಕ್ಕೆ 192 ಟಿಎಂಸಿಯಿಂದ 177.25ಕ್ಕೆ ಇಳಿಯಿತು. ‘ಕರ್ನಾಟಕಕ್ಕೆ 14.75 ಹೆಚ್ಚು’ ಎಂದರೂ ನಿಜ, ‘ತಮಿಳುನಾಡಿಗೆ 14.75 ಕಡಿಮೆ’ ಎಂದರೂ ನಿಜ. ಆದರೆ ಕಾರಣವನ್ನೂ ಹೇಳಬೇಕಲ್ಲವೇ? ತಮಿಳುನಾಡಿನ ಅಂತರ್ಜಲವನ್ನು ಪರಿಗಣಿಸಿ 10 ಟಿಎಂಸಿ, ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಎಂದು ಕೋರ್ಟ್ ಲೆಕ್ಕ ಹಾಕಿತು. ಸುಳ್ಳು ಹೇಳದೆಯೂ ಪಕ್ಷಪಾತ ಮಾಡಬಹುದು. ಅರ್ಧ ಹೇಳಿದರೆ ಸಾಕು.

ಇದರ ಬೆಲೆ ತೆರುವವರು ಗಡಿಯವರು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. ಸಂಯಮದಿಂದ ವರದಿ ಮಾಡಿರೆಂದು ಕೇಂದ್ರ ಸರ್ಕಾರವೇ ವಾಹಿನಿಗಳಿಗೆ ಸೂಚಿಸಬೇಕಾಯಿತು.

ಆದ್ದರಿಂದ ನಮ್ಮ ವಿನಂತಿ:

1. ಅಂಕಿ ಯಾವ ದಿನದ್ದು, ಎಲ್ಲಿ ಅಳೆದದ್ದು ಎಂದು ಗಮನಿಸಿ. ಬಿಳಿಗುಂಡ್ಲುವಿನಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗ, ಎರಡು ರಾಜ್ಯಗಳಲ್ಲಿ ಯಾವುದೂ ಅಲ್ಲ.

2. ಗಲಾಟೆಯ ದೃಶ್ಯ ಇಂದಿನದೋ ಹಳೆಯದೋ ತಿಳಿಯದೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ.

3. ಸುದ್ದಿ ತಪ್ಪೆನಿಸಿದರೆ ಮೊದಲು ವಾಹಿನಿಗೇ ಲಿಖಿತ ದೂರು ಕೊಡಿ. 2021ರ ನಿಯಮದಂತೆ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು.

ಎರಡು ಭಾಷೆ ಬಲ್ಲವರು ನಾವು. ಎರಡೂ ಕಡೆ ಕೇಳಿ, ಆಮೇಲೆ ಮಾತಾಡೋಣ.

— ಕಾರ್ಯದರ್ಶಿ