ಹೊಂಗೆ ಮರದಲ್ಲಿ ಕೂಗಿದ ಫೋನು

2024ರ ಆಗಸ್ಟ್ ತಿಂಗಳು, ಆಶ್ಲೇಷ ಮಳೆ ಒಂದು ಹದ ಬಿದ್ದು ಬಿಡುವು ಕೊಟ್ಟಿತ್ತು. ರಾಗಿ ಪೈರಿಗೆ ಇಪ್ಪತ್ತೈದು ದಿನ. ಎಡೆಕುಂಟೆ ಹೊಡೆಯೋಕೆ ಅದಕ್ಕಿಂತ ಒಳ್ಳೆ ದಿನ ಸಿಗೋದಿಲ್ಲ. ಬೆಳಿಗ್ಗೆ ಆರಕ್ಕೇ ಎತ್ತು ಹೊಡ್ಕೊಂಡು ಹೋದೆ. ಬಿಸಿಲೇರಿದ ಮೇಲೆ ಅಂಗಿ ಬಿಚ್ಚಿ ಬದುವಿನ ಹೊಂಗೆ ಮರದ ಕೊಂಬೆಗೆ ನೇತು ಹಾಕಿದೆ. ಜೇಬಿನಲ್ಲಿ ಫೋನಿತ್ತು. ಅಲ್ಲಿನ ಕೆಲಸ ಮುಗಿದ ಮೇಲೆ ಅಂಗಿಯ ನೆನಪೇ ಇಲ್ಲದೆ, ಒಂದು ಕಿಲೋಮೀಟರ್ ಆಚೆ ಗುಡ್ಡದ ಮಗ್ಗುಲಲ್ಲಿರುವ ಒಂದೂವರೆ ಎಕರೆಗೆ ಎತ್ತು ತಿರುಗಿಸಿದೆ.

ಮನೆಯಲ್ಲಿ ಅಮ್ಮ ಒಬ್ಬರೇ. ನನ್ನ ಹೆಂಡತಿ ನಾದಿನಿ ಮಗುವಿನ ನಾಮಕರಣಕ್ಕೆ ಅಂತ ಗೌರಿಬಿದನೂರಿಗೆ ಹೋಗಿದ್ದಳು. ಒಂಬತ್ತು ಗಂಟೆ ಸುಮಾರಿಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಕೂಗು ಕೇಳಿ ಪಕ್ಕದ ಮನೆಯವರು ಬಂದರು, 108ಕ್ಕೆ ಫೋನ್ ಮಾಡಿದರು, ನನಗೂ ಮಾಡಿದರು. ಒಂದಲ್ಲ, ಎರಡಲ್ಲ. ನಾನು ಎತ್ತದೆ ಇದ್ದಾಗ ಅವರ ಹುಡುಗ ಹೊಲಕ್ಕೆ ಓಡಿ ಬಂದ. ಬಂದರೆ ಮರದಲ್ಲಿ ಅಂಗಿ ಇದೆ, ಅಂಗಿಯಲ್ಲಿ ಫೋನು ಬಡ್ಕೊಳ್ತಾ ಇದೆ, ಮನುಷ್ಯ ಇಲ್ಲ. ನಾಲ್ಕು ಕೂಗು ಹಾಕಿ ನೋಡಿ, ಅಂಗಿ ಫೋನು ಎರಡನ್ನೂ ಎತ್ಕೊಂಡು ವಾಪಸ್ ಓಡಿದ್ದಾನೆ. ಅವನ ತಪ್ಪಲ್ಲ, ಹನ್ನೆರಡು ವರ್ಷದ ಹುಡುಗ.

ಹನ್ನೊಂದೂವರೆಗೆ ನಾನು ಮರದ ಹತ್ತಿರ ಬಂದೆ. ಅಂಗಿ ಇಲ್ಲ! ಕಳ್ಳತನ ಆಯ್ತು ಅಂತ ತೀರ್ಮಾನ ಮಾಡಿಬಿಟ್ಟೆ. ಅಕ್ಕಪಕ್ಕದ ಹೊಲದವರನ್ನೆಲ್ಲ ವಿಚಾರಿಸಿದೆ, ಕುರಿ ಕಾಯುವವನ ಮೇಲೆ ಅನುಮಾನಪಟ್ಟು ಎರಡು ಮಾತು ಕೆಟ್ಟದಾಗಿಯೂ ಆಡಿದೆ. (ಆಮೇಲೆ ಅವನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಆ ವಿಷಯ ಮುಂದೆ ಬರುತ್ತೆ.) ಹೀಗೆ ಇನ್ನೂ ಒಂದು ಗಂಟೆ ಹೋಯಿತು. ಮನೆಗೆ ಬಂದರೆ ಬೀಗ.

ಅಮ್ಮನ ತೊಡೆಯ ಮೇಲಿನ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ರಕ್ತ ತೆಳುವಾಗೋ ಮಾತ್ರೆ ಏನಾದರೂ ತಗೋತಾರಾ ಅಂತ. ಎರಡು ವರ್ಷದ ಹಿಂದೆ ಎದೆನೋವು ಬಂದಾಗಿನಿಂದ ಅಮ್ಮ ತಗೋತಿದ್ದರು. ಆದರೆ ಜೊತೆಗೆ ಹೋದವರಿಗೆ ಅದು ಗೊತ್ತಿಲ್ಲ. ನನ್ನ ಹೆಂಡತಿಗೆ ಫೋನಿನಲ್ಲಿ ಕೇಳಿದರೆ ಅವಳು ಹೇಳಿದ್ದು, 'ಚೀಟಿಯ ಫೋಟೋ ಅವರ ಫೋನಲ್ಲೇ ಇದೆಯಲ್ಲ.' ಫೋನು ಆ ಹುಡುಗನ ಕೈಲೇ ಇತ್ತು, ಆದರೆ ಲಾಕ್ ಆಗಿತ್ತು. ಬಾಯಿಗೆ ಬೀಗ ಹಾಕಿದ ಸಾಕ್ಷಿಯ ಹಾಗೆ.

ನಾನು ಚಿಕ್ಕಬಳ್ಳಾಪುರ ಮುಟ್ಟಿದಾಗ ಮೂರು ಗಂಟೆ. ಅಷ್ಟು ಹೊತ್ತೂ ಅಮ್ಮ ನೋವು ತಿಂದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನನ್ನನ್ನು ನೋಡಿ ಬೈಯಲಿಲ್ಲ. ಅದೇ ಹೆಚ್ಚು ಸಂಕಟ ಆಯಿತು. ಫೋನು ತೆಗೆದು ನೋಡಿದರೆ 23 ಮಿಸ್ಡ್ ಕಾಲು.

ವಾಚು ಬಂತು

ಬೆಂಗಳೂರಿನಲ್ಲಿ ಕೆಲಸ ಮಾಡೋ ನನ್ನ ಮಗ ಮುಂದಿನ ವಾರ ಬರುವಾಗ ಒಂದು ಕೈಗಡಿಯಾರ ತಂದ. 1,800 ರೂಪಾಯಿ. 'ಅಪ್ಪಾ, ಫೋನು ಬಿಟ್ಟು ದೂರ ಹೋದ್ರೆ ಇದು ಕೈಯಲ್ಲಿ ಗುರ್ ಅನ್ನುತ್ತೆ' ಅಂದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಒಂದು ಸಾಮಾನು ಮನೆಗೆ ಬಂದರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳದೆ ಬಿಡೋದಿಲ್ಲ. ತಿಳಿದದ್ದನ್ನು ಇಲ್ಲಿ ಬರೀತಿದ್ದೀನಿ.

ಇವೆಲ್ಲ ಬ್ಲೂಟೂತ್ ಮೇಲೆ ನಡೆಯೋವು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ತಂತಿ ಇಲ್ಲದೆ ಸಾಮಾನುಗಳನ್ನು ಜೋಡಿಸೋ ಕೆಲಸ ಶುರುವಾಗಿ, ಆಮೇಲೆ ಡೆನ್ಮಾರ್ಕಿನ ಒಬ್ಬ ಹಳೇ ರಾಜನ ಹೆಸರನ್ನು ಅದಕ್ಕೆ ಇಟ್ಟರಂತೆ. ಅದಿರಲಿ. ಗುಡ್ಡದಲ್ಲಿ ಇಬ್ಬರು ಕುರಿಗಾಹಿಗಳು ಒಬ್ಬರಿಗೊಬ್ಬರು ಕಾಣದಿದ್ದರೂ 'ಓ...' ಅಂತ ಕೂಗು ಕೊಟ್ಟುಕೊಂಡು ಹೋಗ್ತಾರಲ್ಲ, ವಾಚೂ ಫೋನೂ ಹಾಗೇ ಸದ್ದಿಲ್ಲದೆ ಕೂಗು ಕೊಟ್ಟುಕೊಳ್ತಾ ಇರ್ತವೆ. ಒಂದರ ಕೂಗು ಇನ್ನೊಂದಕ್ಕೆ ಕೇಳದಾದಾಗ ಜೋಡಿ ತಪ್ಪಿತು ಅಂತ ಅರ್ಥ. ಆಗ ವಾಚು ಗುರ್ ಅನ್ನುತ್ತೆ.

ಎಷ್ಟು ದೂರಕ್ಕೆ? ಅಂಗಡಿಯವರು ಹೇಳೋದು ಒಂದು, ಹೊಲ ಹೇಳೋದು ಇನ್ನೊಂದು. ನಾನು ಫೋನನ್ನು ಕಲ್ಲಿನ ಮೇಲಿಟ್ಟು ಹೆಜ್ಜೆ ಎಣಿಸಿ ನೋಡಿದೆ. ಕೊಯ್ದು ಬಿಟ್ಟ ಬಯಲಿನಲ್ಲಿ 34 ಹೆಜ್ಜೆ ಹೋದ ಮೇಲೆ ಗುರ್ ಅಂದಿತು. ಆಳೆತ್ತರ ನಿಂತ ಮುಸುಕಿನ ಜೋಳದಲ್ಲಿ 12 ಹೆಜ್ಜೆಗೇ ಅಂದಿತು. ಫೋನಿಗೆ ಬೆನ್ನು ಮಾಡಿ, ವಾಚಿನ ಕೈಯನ್ನು ಎದೆಗೆ ಅವುಚಿಕೊಂಡು ನಡೆದರೆ ಬಯಲಲ್ಲೂ ಇನ್ನೂ ಬೇಗ. ಕಾರಣ ಏನಪ್ಪಾ ಅಂದರೆ, ಬ್ಲೂಟೂತಿನ ಅಲೆ 2.4 ಗಿಗಾಹರ್ಟ್ಸ್‌ನದು. ಅದನ್ನು ನೀರು ಹೀರಿಕೊಳ್ಳುತ್ತೆ. ಹಸಿ ಎಲೆ ತುಂಬ ನೀರು, ನಮ್ಮ ಮೈಯಲ್ಲೂ ಹೆಚ್ಚಿನ ಪಾಲು ನೀರೇ. ಹಾಗಾಗಿ ಮಳೆ ಬಿದ್ದು ಬೆಳೆ ಹುಲುಸಾದಷ್ಟೂ ಈ ಕೂಗು ಮೊಂಡಾಗುತ್ತೆ. ನಮಗೆ ಬೆಳೆ ಚೆನ್ನಾಗಿರಲಿ, ಕೂಗು ಹೇಗಾದರೂ ಇರಲಿ.

ಒಂದು ತಿಂಗಳು ಕಟ್ಟಿಕೊಂಡು ದುಡಿದೆ. ಮೊದಲ ತೊಂದರೆ, ನನ್ನ ಹೊಲದ ಉದ್ದವೇ ನೂರು ಹೆಜ್ಜೆ ಮೇಲಿದೆ. ಫೋನು ಬದುವಿನಲ್ಲಿಟ್ಟು ಕುಂಟೆ ಹೊಡೆದರೆ ಪ್ರತಿ ಸಾಲಿಗೂ ಒಂದು ಸಲ ಗುರ್. ದಿನಕ್ಕೆ ನೂರು ಸಲ ಸುಳ್ಳು ಹೇಳೋನ ನಿಜ ಯಾರು ನಂಬ್ತಾರೆ? ಎರಡನೆಯದು, ಕುಂಟೆ ಹಿಡಿದ ಕೈಯೇ ಅದುರುತ್ತಾ ಇರುತ್ತೆ, ಟಿಲ್ಲರ್ ಆದರಂತೂ ಕೇಳಬೇಡಿ. ವಾಚಿನ ಅದುರು ಅದರೊಳಗೆ ಸೇರಿ ಹೋಗುತ್ತೆ. ಪಟ್ಟಿಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಯಿತು. ನಾಲ್ಕು ದಿನಕ್ಕೊಮ್ಮೆ ಚಾರ್ಜು ಬೇರೆ.

ಆದರೂ ಒಂದು ದಿನ ವಾಚು ತನ್ನ ದುಡ್ಡನ್ನು ತಾನೇ ತೀರಿಸಿತು. ಚಿಂತಾಮಣಿ ಮಾರ್ಕೆಟ್ಟಿಗೆ ಅವರೆಕಾಯಿ ಹಾಕಿ ಬಸ್ಸಲ್ಲಿ ವಾಪಸ್ ಬರ್ತಾ ನಿದ್ದೆ ಹತ್ತಿತು. ಶಿಡ್ಲಘಟ್ಟದಲ್ಲಿ ಗಡಿಬಿಡಿಯಿಂದ ಇಳಿದೆ. ಫೋನು ಜೇಬಿನಿಂದ ಸೀಟಿಗೆ ಜಾರಿತ್ತು. ಬಸ್ಸು ಹೊರಟು ಇನ್ನೇನು ತಿರುವು ಹತ್ತಿರ ಹೋಗಿದೆ, ಕೈಯಲ್ಲಿ ಗುರ್ ಅಂದಿತು. ಟವೆಲ್ ಬೀಸುತ್ತಾ ಓಡಿದೆ. ಕಂಡಕ್ಟರಣ್ಣ ಸೀಟಿ ಊದಿ ನಿಲ್ಲಿಸಿದರು. ಅಲ್ಲಿಗೆ ನನಗೆ ಗೊತ್ತಾಗಿದ್ದು, ಇದು ಪೇಟೆ ದಿನದ ಸಾಮಾನು, ಹೊಲದ ದಿನದ್ದಲ್ಲ. ಈಗ ಬಸ್ಸು ಹತ್ತೋ ದಿನ ಮಾತ್ರ ಕಟ್ಕೋತೀನಿ.

ಯಾವುದು ಕೂಗಬೇಕು?

ಗೌರಿಬಿದನೂರಿನಲ್ಲಿ ನನ್ನ ಅಕ್ಕನ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. 'ಮಾಮಾ, ವಾಚು ಬೇಡ ಅಂದ್ರೆ ಇದು ನೋಡಿ' ಅಂತ ಒಂದು ಗುಂಡಿಯಂಥದ್ದು ಕೊಟ್ಟ. ಹಳೇ ಎಂಟಾಣೆಗಿಂತ ಸ್ವಲ್ಪ ದೊಡ್ಡದು. ಒಳಗೆ ಬಿಲ್ಲೆ ಸೆಲ್ಲು, ಚಾರ್ಜಿನ ಗೋಳಿಲ್ಲ. ಬೀಗದ ಕೈಗೆ ಕಟ್ಟೋದಂತೆ. ನಾನು ಉಡಿದಾರಕ್ಕೆ ಕಟ್ಟಿಕೊಂಡೆ, ಅದನ್ನಂತೂ ಯಾವತ್ತೂ ಬಿಚ್ಚೋದಿಲ್ಲವಲ್ಲ.

ಇಲ್ಲಿ ಕೊಳ್ಳುವವರು ಒಂದು ಮಾತು ಚೆನ್ನಾಗಿ ಗಮನಿಸಬೇಕು. ಇಂಥ ಗುಂಡಿಗಳಲ್ಲಿ ಎರಡು ಜಾತಿ. ಹೆಚ್ಚಿನವು ಬೀಗದ ಕೈ, ಚೀಲ ಮರೆತರೆ ಫೋನಿನಲ್ಲಿ ಎಚ್ಚರಿಸೋವು. ಆಪಲ್ ಕಂಪನಿ 2021ರಲ್ಲಿ ತಂದ ಏರ್‌ಟ್ಯಾಗ್ ಈ ಜಾತಿಯದು, ಅದು ಐಫೋನ್ ಇದ್ದವರಿಗೆ ಮಾತ್ರ. ನೀವು ಮರೆತದ್ದು ಫೋನನ್ನೇ ಆದರೆ? ಫೋನು ಮರದಲ್ಲೇ ಕೂತು 'ನಿಮ್ಮ ಗುಂಡಿ ದೂರ ಹೋಯಿತು' ಅಂತ ಕಾಗೆಗಳಿಗೆ ಹೇಳುತ್ತಾ ಇರುತ್ತೆ. ನನಗೆ ಅಳಿಯ ಕೊಟ್ಟ ಮೊದಲನೆಯದು ಅದೇ ಜಾತಿ, ಎರಡು ದಿನ ಬಿಟ್ಟು ವಾಪಸ್ ಕೊಟ್ಟೆ. ನಮಗೆ ಬೇಕಾದ್ದು ಜೋಡಿ ತಪ್ಪಿದಾಗ ಗುಂಡಿಯೇ ಕೂಗೋ ಜಾತಿ. ಕೂಗು ಬರಬೇಕಾದ್ದು ಮೈಮೇಲಿರೋದರಿಂದ, ಮರೆತು ಬಂದದ್ದರಿಂದ ಅಲ್ಲ. ಅಂಗಡಿಯಲ್ಲೇ ಫೋನನ್ನು ಒಳಗಿಟ್ಟು ಗುಂಡಿ ಹಿಡಿದು ರಸ್ತೆಗೆ ನಡೆದು ನೋಡಿ, ಆಮೇಲೆ ದುಡ್ಡು ಕೊಡಿ. ಎರಡನೆಯದು ನನಗೆ 450 ರೂಪಾಯಿ ಬಿತ್ತು.

ಇನ್ನೊಂದು ಕಿರಿಕಿರಿ. ವಾರ ಕಳೆದ ಮೇಲೆ ಗುಂಡಿ ಸುಮ್ಮಸುಮ್ಮನೆ ಕೂಗೋಕೆ ಶುರುವಾಯಿತು, ಫೋನು ಜೇಬಿನಲ್ಲೇ ಇದೆ! ಅಳಿಯ ನೋಡಿ ನಕ್ಕ. ಫೋನು ಬ್ಯಾಟರಿ ಉಳಿಸೋಕೆ ಅಂತ ಹಿಂದುಗಡೆ ನಡೀತಾ ಇರೋ ಆ್ಯಪುಗಳನ್ನು ತಾನೇ ಮಲಗಿಸಿಬಿಡುತ್ತಂತೆ. ಸೆಟ್ಟಿಂಗಿನಲ್ಲಿ ಬ್ಯಾಟರಿ ಅನ್ನೋ ಕಡೆ ಹೋಗಿ ಈ ಒಂದು ಆ್ಯಪಿಗೆ ವಿನಾಯಿತಿ ಕೊಡಬೇಕು. ಕೊಟ್ಟ ಮೇಲೆ ಸರಿಹೋಯಿತು.

ಕಳೆದ ಮೇಲೆ ಹುಡುಕೋ ದಾರಿಯೂ ಒಂದಿದೆ, ಅದಕ್ಕೆ ಖರ್ಚಿಲ್ಲ. ನನ್ನ ಭಾವಮೈದ ರೇಷ್ಮೆ ಬೆಳೆಗಾರ. ಅವನ ಜೊತೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ಗೂಡು ಸುರಿಯೋ ಗಲಾಟೆಯಲ್ಲಿ ಅವನ ಫೋನು ಕಾಣೆ. ಈಗ ಗೂಡಿನ ದುಡ್ಡು ಬ್ಯಾಂಕಿಗೇ ಬೀಳೋದು, ಅದರ ಮೆಸೇಜು ಬರೋದು ಅದೇ ಫೋನಿಗೆ. ಮುಖ ಗೂಡಿಗಿಂತ ಬೆಳ್ಳಗಾಯಿತು. ಫೋನು ಮಾಡಿದರೆ ಸದ್ದಿಲ್ಲ, ಸೈಲೆಂಟಿನಲ್ಲಿಟ್ಟಿದ್ದ. ನನ್ನ ಮಗ ಹೇಳಿಕೊಟ್ಟಿದ್ದ ಹಾಗೆ ನನ್ನ ಫೋನಿನಲ್ಲಿ ಗೂಗಲ್‌ನ ಫೈಂಡ್ ಹಬ್ ತೆಗೆದು ಅವನ ಜೀಮೇಲು ಹಾಕಿ ರಿಂಗ್ ಒತ್ತಿದೆ. ಸೈಲೆಂಟಿನಲ್ಲಿದ್ದರೂ ಪೂರ್ತಿ ಗಂಟಲಿನಲ್ಲಿ ಕೂಗೋದು ಇದರ ಗುಣ. ಖಾಲಿ ಗೋಣಿಚೀಲದ ರಾಶಿಯೊಳಗಿಂದ ಕೂಗಿತು. ಆದರೆ ಫೋನು ಚಾಲೂ ಇರಬೇಕು, ಅದರಲ್ಲಿ ನೆಟ್ಟು ಇರಬೇಕು, ನಿಮಗೆ ನಿಮ್ಮ ಪಾಸ್‌ವರ್ಡು ನೆನಪಿರಬೇಕು. ಭಾವಮೈದನಿಗೆ ನೆನಪಿರಲಿಲ್ಲ, ಮಗಳನ್ನು ಕೇಳಿ ತಿಳ್ಕೊಂಡೆವು.

ನಿಜವಾಗಿ ಕಳುವೇ ಆದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಂಚಾರ ಸಾಥಿಯಲ್ಲಿ ಆ ಫೋನನ್ನು ಯಾರೂ ಬಳಸದ ಹಾಗೆ ಬ್ಲಾಕ್ ಮಾಡಿಸಬಹುದು. ಅದಕ್ಕೆ 15 ಅಂಕಿಯ ಐಎಂಇಐ ನಂಬರು ಬೇಕು. *#06# ಒತ್ತಿದರೆ ಪರದೆ ಮೇಲೆ ಬರುತ್ತೆ. ಇವತ್ತೇ ಒತ್ತಿ ಬ್ಯಾಂಕ್ ಪಾಸ್ ಬುಕ್ಕಿನ ಹಿಂದೆ ಬರೆದಿಡಿ. ಫೋನಿನಲ್ಲೇ ಬರೆದಿಡಬೇಡಿ.

ಕುರಿ ಗಂಟೆ

ಆ ಕುರಿ ಕಾಯುವವನ ಮನೆಗೆ ಹೋಗಿದ್ದೆ ಅಂದೆನಲ್ಲ. ಅವನು ಚಿಂತಾಮಣಿ ಕಡೆಯವನು. ನನ್ನ ಮಾತನ್ನು ಮನಸ್ಸಿಗೆ ಹಚ್ಕೊಂಡಿರಲಿಲ್ಲ, ಕೂರಿಸಿ ಟೀ ಕೊಟ್ಟ. ಅವನ ಫೋನಿನ ಕವರಿಗೆ ಕುರಿಮರಿಯ ಕೊರಳಿಗೆ ಕಟ್ಟೋ ಸಣ್ಣ ಗಂಟೆ ಕಟ್ಟಿತ್ತು. ಏನಯ್ಯಾ ಇದು ಅಂದೆ. 'ನಡೆದ್ರೆ ಸೊಂಟದಾಗೆ ಕಿಣಿಕಿಣಿ ಅಂತದೆ ಅಣ್ಣಾ. ಸದ್ದು ನಿಂತ್ರೆ ಎಲ್ಲೋ ಬಿಟ್ಟೆ ಅಂತ ಗೊತ್ತಾತದೆ' ಅಂದ. ನಾನು ಬಾಯಿ ಮುಚ್ಕೊಂಡೆ. ಜೋಡಿ ತಪ್ಪಿದರೆ ತಿಳಿಸೋ ಕೆಲಸವನ್ನೇ ಅಲ್ಲವೇ ಸ್ವೀಡನ್ನಿನವರದ್ದೂ ಮಾಡೋದು? ಇವನದ್ದಕ್ಕೆ ಸೆಲ್ಲು ಬೇಡ, ಸೆಟ್ಟಿಂಗು ಬೇಡ. ಮುಸುಕಿನ ಜೋಳ ಅಡ್ಡ ಬರೋದಿಲ್ಲ. ನಾನೂ ಕಟ್ಟಿ ನೋಡಿದೆ. ಎತ್ತಿನ ಕೊರಳ ಗಂಟೆಯ ಜೊತೆ ಇದರ ಸದ್ದು ಸೇರಿಹೋಗಿ ಯಾವುದು ಯಾವುದೋ ತಿಳಿಯಲಿಲ್ಲ. ಕುರಿ ಕಾಯೋನಿಗೆ ಮಾತ್ರ ಅದು ತಿಳಿಯುತ್ತೆ, ಅವನ ಕಿವಿ ಬೇರೆ.

ಈಗ ನಾನು ಮಾಡ್ತಿರೋದು ಇಷ್ಟು. ಹೊಲಕ್ಕೆ ಹೋಗುವಾಗ ಅಂಗಿಜೇಬಿನಲ್ಲಿ ಫೋನು ಇಡೋದೇ ಇಲ್ಲ. ಹೆಂಡತಿ ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಗುಂಡಿ ಇರೋ ಚೀಲ ಹೊಲಿದು ಕೊಟ್ಟಿದ್ದಾಳೆ, ಅದನ್ನು ಸೊಂಟಕ್ಕೆ ಕಟ್ಟೋದು. ಉಡಿದಾರದ ಗುಂಡಿಯೂ ಇದೆ. ಮುಖ್ಯ ಇನ್ನೊಂದು: ಅಮ್ಮನ ಮಾತ್ರೆಗಳ ಹೆಸರು ಬರೆದ ಕಾಗದವನ್ನು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೀನಿ, ಪಕ್ಕದ ಮನೆಯವರಿಗೂ ತೋರಿಸಿದ್ದೀನಿ. ಆಂಡ್ರಾಯ್ಡ್ ಫೋನಿನಲ್ಲಿ ಎಮರ್ಜೆನ್ಸಿ ಮಾಹಿತಿ ಅಂತ ಒಂದು ಕಡೆ ಇದೆ. ಅಲ್ಲಿ ಬರೆದದ್ದನ್ನು ಲಾಕ್ ತೆಗೆಯದೆಯೂ ನೋಡಬಹುದು. ಅದರಲ್ಲಿ ನನ್ನ ಸಕ್ಕರೆ ಕಾಯಿಲೆ, ಮಗನ ನಂಬರು ತುಂಬಿಸಿದ್ದೀನಿ. ಆವತ್ತು ಇದೊಂದು ಗೊತ್ತಿದ್ದು ಅಮ್ಮನ ವಿಷಯ ಹಾಕಿದ್ದರೆ ಆ ಹುಡುಗನೇ ಓದಿ ಹೇಳ್ತಿದ್ದ.

ಮಾತ್ರೆ ನಿಲ್ಲಿಸಿ ಕಾದು ಆಪರೇಷನ್ ಮಾಡಿದರು. ಮೂರು ತಿಂಗಳಾದ ಮೇಲೆ ಅಮ್ಮ ವಾಕರ್ ಹಿಡಿದು ನಡೆದರು, ಈಗ ಕೋಲು ಹಿಡಿದು ಜಗಲಿವರೆಗೆ ಬರ್ತಾರೆ. ಮನೆಯಲ್ಲಿ ನಮ್ಮದು ತೆಲುಗು. ಎತ್ತು ಹೊರಗೆ ಕಟ್ಟಿ ನೊಗ ಎತ್ತಿಕೊಳ್ಳೋ ಸದ್ದು ಕೇಳಿದರೆ ಸಾಕು, ಜಗಲಿಯಿಂದ ಕೇಳ್ತಾರೆ, 'ನಾಯನಾ, ಸೆಲ್ಲು ಉಂದಾ?' ಇದೆ ಅಮ್ಮಾ ಅಂತೀನಿ. ಸೊಂಟ ಮುಟ್ಟಿ ತೋರಿಸೋವರೆಗೆ ಬಿಡೋದಿಲ್ಲ.